ಅದಿಗೆ ಹುಡುಗಿಯರು ಹುಡುಗನನ್ನು ಇಷ್ಟೊಂದು ಕಾಡಿಸುವುದು ಯಾಕೆ? ಇದು ತಮಾಷೆಯಾ, ಮದುವೆ ಮಾತುಕತೆಯಾ?

ದಾವಣಗೆರೆ ಹುಡುಗಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ರಷ್ಯಾದ ನಾಲ್ಚಿಕ್‌ನಲ್ಲಿ ಮೆಡಿಕಲ್ ಓದುತ್ತಿದ್ದೇನೆ, ಈಗ 3ನೇ ವರ್ಷ. ನಾಲ್ಚಿಕ್ ಇರುವುದು ಕಾಕಸಸ್ ಬೆಟ್ಟಗಳ ಉತ್ತರ ತಪ್ಪಲಲ್ಲಿ, ಕಬಾರ್ದಿನೊ-ಬಲ್ಕಾರಿಯಾದ ರಾಜಧಾನಿ. ಇಲ್ಲಿ ಕಬಾರ್ಡಿಯನ್ನರೇ ಜಾಸ್ತಿ. ಅವರು ತಮ್ಮನ್ನು ಅದಿಗೆ ಅಂತ ಕರೆದುಕೊಳ್ಳುತ್ತಾರೆ, ಹೊರಗಿನವರು ಸರ್ಕೇಸಿಯನ್ನರು ಅನ್ನುತ್ತಾರೆ.

ಕಳೆದ ತಿಂಗಳು ನನ್ನ ಗೆಳತಿಯ ಅಣ್ಣನ ಮದುವೆಗೆ ಅವರ ಹಳ್ಳಿಗೆ ಹೋಗಿದ್ದೆ. ಅಂಗಳದಲ್ಲಿ ಕುಣಿತ ಇತ್ತು. ಹುಡುಗರು ಒಂದು ಕಡೆ ಸಾಲಾಗಿ, ಹುಡುಗಿಯರು ಇನ್ನೊಂದು ಕಡೆ. ಅಕಾರ್ಡಿಯನ್ ನುಡಿಸುತ್ತಾರೆ, ಉಳಿದವರು ಮರದ ತಾಳ ಬಡಿಯುತ್ತಾರೆ. ಜೋಡಿ ನಡುವೆ ಬಂದು ಕುಣಿದರೂ ಒಬ್ಬರ ಬೆರಳು ಇನ್ನೊಬ್ಬರಿಗೆ ತಾಗುವುದಿಲ್ಲ. ಹುಡುಗಿ ಕಣ್ಣು ಕೆಳಗೆ ಹಾಕಿಕೊಂಡು ತೇಲಿದ ಹಾಗೆ ಹೋಗುತ್ತಾಳೆ. ಅದನ್ನು ನೋಡಿ, ಎಷ್ಟು ಗಂಭೀರ ಜನ ಅಂದುಕೊಂಡೆ.

ಆಮೇಲೆ ಒಳಗೆ ಒಂದು ಕೋಣೆಯಲ್ಲಿ ಹತ್ತು ಹನ್ನೆರಡು ಜನ ಯುವಕ ಯುವತಿಯರು ಕೂತರು, ನನ್ನನ್ನೂ ಕರೆದರು. ಒಬ್ಬ ಹುಡುಗ ಎದ್ದು ನಿಂತು ತುಂಬಾ ವಿನಯದಿಂದ ಏನೋ ಹೇಳಿದ. ಎದುರಿಗಿದ್ದ ಹುಡುಗಿ ಮುಖ ಸ್ವಲ್ಪವೂ ಸಡಿಲಿಸದೆ ಒಂದು ಮಾತು ಹೇಳಿದಳು, ಇಡೀ ಕೋಣೆ ನಕ್ಕುಬಿಟ್ಟಿತು. ಅವನು ತಲೆ ಬಾಗಿಸಿ ಮತ್ತೆ ಶುರು ಮಾಡಿದ. ಹೀಗೆ ಅರ್ಧ ಗಂಟೆ. ಗೆಳತಿ ನನ್ನ ಕಿವಿಯಲ್ಲಿ ಅನುವಾದ ಮಾಡುತ್ತಿದ್ದಳು. ಅವನು ಹೇಳಿದ್ದು: "ನನ್ನ ಕುದುರೆ ಕುಂಟುತ್ತಿದೆ, ನಿಮ್ಮ ಅಂಗಳ ದಾಟಿ ಮುಂದಕ್ಕೆ ಹೋಗುತ್ತಿಲ್ಲ." ಅವಳು: "ಕುಂಟುತ್ತಿರುವುದು ಕುದುರೆಯೋ ಸವಾರನೋ ಮೊದಲು ನೋಡೋಣ." ಅವನ ಹತ್ತಿರ ಕುದುರೆ ಇಲ್ಲ, ಕಾರಲ್ಲಿ ಬಂದಿದ್ದ!

ನಾನು ಇದು ಸುಮ್ನೆ ತಮಾಷೆ ಅಂದುಕೊಂಡಿದ್ದೆ. ಮನೆಗೆ ಬರುವಾಗ ಗೆಳತಿ ಹೇಳಿದಳು, ಇಲ್ಲ, ಅವನಿಗೆ ಅವಳ ಮೇಲೆ ನಿಜವಾಗಿ ಮನಸ್ಸಿದೆ, ಹಾಗಾಗಿಯೇ ಎದ್ದು ನಿಂತ ಅಂತ. ನನಗೆ ಅರ್ಥವಾಗಲಿಲ್ಲ. ನಾಲ್ಕು ಜನರ ಮುಂದೆ ಹುಡುಗಿ ಹೀಗೆ ಕಾಲೆಳೆದರೆ ಹುಡುಗನಿಗೆ ಅವಮಾನ ಆಗುವುದಿಲ್ಲವಾ? ಅವಳಿಗೆ ಅವನು ಇಷ್ಟವಾ ಇಲ್ಲವಾ ಅನ್ನುವುದು ಹೇಗೆ ಗೊತ್ತಾಗುತ್ತದೆ? ಇದು ಹಳೆಯ ಪದ್ಧತಿಯಾ, ಈಗಿನವರು ಮಾಡಿಕೊಂಡದ್ದಾ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಕೈಸೇರಿಯಲ್ಲಿ ಇದ್ದವನು

ತುಂಬಾ ಒಳ್ಳೆಯ ಪ್ರಶ್ನೆ. ನಾನು ಕೆಲಸದ ಮೇಲೆ ಟರ್ಕಿಯ ಕೈಸೇರಿಯಲ್ಲಿ ನಾಲ್ಕು ವರ್ಷ ಇದ್ದೆ. ಅಲ್ಲಿಂದ ಪೂರ್ವಕ್ಕೆ ಉಝುನ್‌ಯಾಯ್ಲಾ ಅಂತ ಎತ್ತರದ ಬಯಲು ಇದೆ, ಅಲ್ಲಿ ಅದಿಗೆ ಹಳ್ಳಿಗಳು ತುಂಬಾ ಇವೆ. 1864ರಲ್ಲಿ ರಷ್ಯಾದ ಜೊತೆಗಿನ ದೀರ್ಘ ಯುದ್ಧ ಮುಗಿದಾಗ ಅದಿಗೆ ಜನರಲ್ಲಿ ಹೆಚ್ಚಿನವರನ್ನು ಸ್ವಂತ ನೆಲದಿಂದ ಓಡಿಸಿಬಿಟ್ಟರು. ಕಪ್ಪು ಸಮುದ್ರ ದಾಟುವಾಗಲೇ ಎಷ್ಟೋ ಜನ ಸತ್ತರು. ಉಳಿದವರು ಟರ್ಕಿ, ಸಿರಿಯಾ, ಜೋರ್ಡಾನ್ ಕಡೆ ನೆಲೆಸಿದರು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನೀವು ನಾಲ್ಚಿಕ್‌ನಲ್ಲಿ ನೋಡಿದ್ದನ್ನೇ ನಾನು ಕೈಸೇರಿಯಲ್ಲಿ ನೋಡಿದ್ದೇನೆ. ಅಗಲಿ ನೂರೈವತ್ತು ವರ್ಷ ದಾಟಿದ ಎರಡು ಕಡೆಯೂ ಅದೇ ಆಟ ಉಳಿದಿದೆ ಅಂದರೆ ಅದು ಹಳೆಯದೇ ಅಲ್ವಾ?

ಯುವಕ ಯುವತಿಯರು ಹೀಗೆ ಕೂತು ಮಾತಾಡುವುದನ್ನು ಅಲ್ಲಿ ಜೆಖೆಸ್ ಅನ್ನುತ್ತಾರೆ, ಜೊತೆಯಾಗಿ ಕೂರುವುದು ಅಂತ. ಮಾತಿನ ತಮಾಷೆಗೆ ಸೆಮೆರ್ಕೌ. ಟರ್ಕಿ ಕಡೆ ಸೆಮೆರ್ಕೊ ಅಂತಲೂ ಕೇಳಿದ್ದೇನೆ. ಹೆಣ್ಣು ಹುಡುಕಿ ಬರುವವನು ಪ್ಸೆಲುಖು. ಪ್ಸೆ ಅಂದರೆ ಜೀವ. ಜೀವವನ್ನು ಹುಡುಕಿಕೊಂಡು ಬಂದವನು ಅಂತ ಅವರೇ ಆ ಪದವನ್ನು ಬಿಡಿಸಿ ಹೇಳುತ್ತಾರೆ. ನನಗೆ ಆ ಪದ ತುಂಬಾ ಇಷ್ಟ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಅವಮಾನ ಆಗುವುದಿಲ್ಲವಾ ಅಂತ. ಅದಿಗೆ ಜನರ ನಡವಳಿಕೆಯ ಕಟ್ಟಳೆಗೆ ಖಾಬ್ಜೆ ಅಂತ ಹೆಸರು. ಅದು ತುಂಬಾ ಬಿಗಿ. ಹಿರಿಯರು ಒಳಗೆ ಬಂದರೆ ಎದ್ದು ನಿಲ್ಲಬೇಕು. ತನ್ನನ್ನು ತಾನು ಹೊಗಳಿಕೊಳ್ಳಬಾರದು. ಹಿಂದಿನ ಕಾಲದಲ್ಲಿ ಅಪ್ಪ ಆದವನು ಹಿರಿಯರ ಮುಂದೆ ತನ್ನ ಮಗುವನ್ನೇ ಎತ್ತಿಕೊಳ್ಳುತ್ತಿರಲಿಲ್ಲ. ಇಂಥ ಕಡೆ ಒಬ್ಬ ಹುಡುಗ ಎಲ್ಲರ ಮುಂದೆ "ನಿನ್ನನ್ನು ಕಂಡರೆ ನನಗೆ ಇಷ್ಟ" ಅಂತ ನೇರವಾಗಿ ಹೇಳುವುದು ಸಾಧ್ಯವೇ ಇಲ್ಲ. ಹೇಳಿದರೆ ಅದು ಒರಟುತನ. ಹುಡುಗಿಯೂ "ನೀನು ನನಗೆ ಬೇಡ" ಅಂತ ನೇರವಾಗಿ ಹೇಳುವ ಹಾಗಿಲ್ಲ, ಯಾಕೆಂದರೆ ಅವನು ಮನೆಗೆ ಬಂದ ಅತಿಥಿ, ಮತ್ತು ಅದಿಗೆಯವರಿಗೆ ಅತಿಥಿ ಅಂದರೆ ಏನು ಅಂತ ನೀವು ಅಲ್ಲೇ ಇದ್ದು ನೋಡಿದ್ದೀರಿ. ಆದರೆ ಕುದುರೆ ಕುಂಟುತ್ತಿದೆ ಅಂತ ಹೇಳಬಹುದು. ಅವಳು ಅದಕ್ಕೆ "ಮುಂದಿನ ಊರಲ್ಲಿ ಒಳ್ಳೆಯ ಕಮ್ಮಾರ ಇದ್ದಾನೆ, ಕತ್ತಲಾಗುವ ಮೊದಲು ಹೊರಡಿ" ಅಂದರೆ ಎಲ್ಲರೂ ನಗುತ್ತಾರೆ, ಅವನೂ ನಗುತ್ತಾನೆ, ಉತ್ತರ ಏನು ಅಂತ ಅವನಿಗೆ ಗೊತ್ತಾಗಿರುತ್ತದೆ. ಅವಳು ಬೇಡ ಅಂದದ್ದು ಕುದುರೆಗೆ, ಅವನಿಗಲ್ಲ. ನಾಳೆ ಮತ್ತೊಂದು ಮದುವೆಯಲ್ಲಿ ಇಬ್ಬರೂ ಎದುರಾದರೂ ಮುಖ ತಿರುಗಿಸಬೇಕಾಗಿಲ್ಲ.

ಅದಕ್ಕೇ ಹೇಳುತ್ತೇನೆ, ಈ ತಮಾಷೆ ಮಾತು ಮನಸ್ಸು ಮುರಿಯದೆ ಇಲ್ಲ ಅನ್ನುವುದಕ್ಕೆ ಮಾಡಿಟ್ಟ ದಾರಿ. ಹೌದು ಅನ್ನುವುದಕ್ಕೂ ಅದೇ ದಾರಿ.

ಟರ್ಕಿಯಲ್ಲಿ ಇನ್ನೊಂದು ಪದ ಇದೆ, ಕಾಶೆನ್. ಇಬ್ಬರ ನಡುವೆ ಹೀಗೆ ಮಾತಿನ ಒಲವು ಶುರುವಾದರೆ ಅವರು ಒಬ್ಬರಿಗೊಬ್ಬರು ಕಾಶೆನ್. ಎಷ್ಟೋ ಸಲ ಮೂರನೆಯವರೇ ನಡುವೆ ನಿಂತು "ಇವನಿಗೆ ಕಾಶೆನ್ ಆಗುತ್ತೀಯಾ" ಅಂತ ಕೇಳುತ್ತಾರೆ. ಒಬ್ಬ ಹುಡುಗಿಗೆ ಇಬ್ಬರು ಮೂವರು ಕಾಶೆನ್ ಇದ್ದರೆ ಅದು ಕೆಟ್ಟದ್ದಲ್ಲ! ಮಾತು ಮಾತ್ರ, ಮುಟ್ಟುವುದಿಲ್ಲ. ಕೊನೆಗೆ ಒಬ್ಬನನ್ನು ಮದುವೆಯಾಗುತ್ತಾಳೆ, ಉಳಿದವರು ಮದುವೆಗೆ ಬಂದು ಕುಣಿಯುತ್ತಾರೆ. ಮೊದಲು ಕೇಳಿದಾಗ ನಂಬಿರಲಿಲ್ಲ, ಆಮೇಲೆ ಕಣ್ಣಾರೆ ಕಂಡೆ.

ಒಂದು ವಿಷಯ ಗಮನಿಸಿ. ಆ ಕೋಣೆಯಲ್ಲಿ ಇವರಿಬ್ಬರೇ ಇರಲಿಲ್ಲ. ಯಾವಾಗಲೂ ಬೇರೆಯವರು ಇರುತ್ತಾರೆ, ಸಭೆ ನಡೆಸುವ ಒಬ್ಬ ಇರುತ್ತಾನೆ, ಅವನಿಗೆ ತಮಾದ ಅನ್ನುತ್ತಾರೆ. ಮಾತು ಗಡಿ ದಾಟಿದರೆ ಅವನು ತಡೆಯುತ್ತಾನೆ. ಒಬ್ಬರ ಮೈ, ಬಡತನ, ಮನೆತನ ಇದ್ಯಾವುದನ್ನೂ ಹಿಡಿದು ಹಂಗಿಸುವ ಹಾಗಿಲ್ಲ. ಹಂಗಿಸಿದವನಿಗೇ ಮರ್ಯಾದೆ ಹೋಗುತ್ತದೆ. ಮತ್ತೆ, ಕೋಪ ಮಾಡಿಕೊಂಡವನು ಸೋತ. ನೀವು ನೋಡಿದ ಹುಡುಗ ತಲೆ ಬಾಗಿಸಿ ಮತ್ತೆ ಶುರು ಮಾಡಿದ ಅಂದಿರಲ್ಲ, ಅಲ್ಲಿದ್ದ ಹುಡುಗಿಯರೆಲ್ಲ ಅವನಲ್ಲಿ ನೋಡುತ್ತಿದ್ದದ್ದು ಅದನ್ನೇ.

ಜಾನಪದ ಓದುವವಳು

ಮೇಲಿನವರು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಹಳೆಯದಾ ಅಂತ ಕೇಳಿದಿರಲ್ಲ, ಅದಕ್ಕೆ ಸ್ವಲ್ಪ ಸೇರಿಸುತ್ತೇನೆ. ನೀವು ಡಾಕ್ಟರ್ ಆಗುವವರು, ಹಾಗಾಗಿ ಇದು ನಿಮಗೆ ಇಷ್ಟವಾಗಬಹುದು.

ಅದಿಗೆ ಜನರಲ್ಲಿ ಚಾಪ್ಶ್ ಅಂತ ಒಂದು ಪದ್ಧತಿ ಇತ್ತು. ಯಾರಿಗಾದರೂ ಯುದ್ಧದಲ್ಲಿ ಗಾಯವಾದರೆ ಅಥವಾ ಮೂಳೆ ಮುರಿದರೆ ಅವನ ಹಾಸಿಗೆ ಸುತ್ತ ಊರಿನ ಹುಡುಗ ಹುಡುಗಿಯರು ರಾತ್ರಿಯಿಡೀ ಸೇರುತ್ತಿದ್ದರು. ಗಾಯಾಳು ನಿದ್ದೆ ಹೋಗಬಾರದು, ನಿದ್ದೆಯಲ್ಲಿ ಕೆಟ್ಟ ಶಕ್ತಿ ಬಂದು ಸೇರುತ್ತದೆ ಅನ್ನುವ ನಂಬಿಕೆ. ಹೊಸ್ತಿಲ ಹತ್ತಿರ ನೇಗಿಲ ಗುಳ ಇಟ್ಟಿರುತ್ತಿದ್ದರು. ಬಂದವರು ಸುತ್ತಿಗೆಯಿಂದ ಅದಕ್ಕೆ ಬಡಿದು ಒಳಗೆ ಬರಬೇಕು. ಆಮೇಲೆ ಹಾಡು, ಒಗಟು, ಆಟ, ಮಾತಿನ ಚಕಮಕಿ. ಗಾಯಾಳು ಕೂಡ ನೋವು ತೋರಿಸದೆ ನಗುತ್ತ ಉತ್ತರ ಕೊಡಬೇಕು, ನರಳಿದರೆ ಹೆಸರು ಕೆಡುತ್ತದೆ.

ಖಾನ್-ಗಿರೇ ಅನ್ನುವ ಅದಿಗೆ ಬರಹಗಾರರು 1830ರ ದಶಕದಲ್ಲೇ ಇದನ್ನು ವಿವರವಾಗಿ ಬರೆದಿಟ್ಟಿದ್ದಾರೆ. ಅಲ್ಲಿ ಅಂಗೈಗೆ ಹೊಡೆಯುವ ಒಂದು ಆಟ ಬರುತ್ತದೆ. ಹುಡುಗ ಒಬ್ಬ ಹುಡುಗಿಯ ಕೈ ಕೇಳುತ್ತಾನೆ, ಅವಳು ಅಂಗೈ ಚಾಚಬೇಕು, ಅವನು ಮೆಲ್ಲಗೆ ಹೊಡೆಯುತ್ತಾನೆ. ಕುಣಿತದಲ್ಲಿ ಬೆರಳು ತಾಗದ ಜನಕ್ಕೆ ಇದು ಎಷ್ಟು ದೊಡ್ಡ ಸಂಗತಿ ಯೋಚಿಸಿ! ಆ ಆಟ ಹುಡುಗರಿಗೆ ಯಾಕೆ ಅಷ್ಟು ಇಷ್ಟ ಅನ್ನುವುದನ್ನೂ ಅವರು ಮುಚ್ಚಿಟ್ಟಿಲ್ಲ. ರೋಗಿಯ ಕೋಣೆಯೇ ಹುಡುಗ ಹುಡುಗಿಯರು ಭೇಟಿಯಾಗುವ ಜಾಗ. ಎಷ್ಟೋ ಮದುವೆಗಳ ಮೊದಲ ಮಾತು ಅಲ್ಲೇ ಹುಟ್ಟಿರಬೇಕು ಅಂತ ನನಗೆ ಅನ್ನಿಸುತ್ತದೆ.

ಮದುವೆಯ ಒಳಗಿನ ತಮಾಷೆಗಳಂತೂ ಇನ್ನೂ ಜೋರು. ಕುಣಿತದ ಕೂಟಕ್ಕೆ ಜೆಗು ಅನ್ನುತ್ತಾರೆ, ಆ ಪದಕ್ಕೆ ಆಟ ಅಂತಲೇ ಅರ್ಥ. ಅದನ್ನು ನಡೆಸುವವನು ಕೈಯಲ್ಲಿ ಕೋಲು ಹಿಡಿದ ಹಾತಿಯಾಕೊ, ಯಾರು ಯಾರ ಜೊತೆ ಕುಣಿಯಬೇಕು ಅಂತ ಹೇಳುವವನೂ ಅವನೇ. ಹಿಂದೆ ಅಲ್ಲಿ ಇನ್ನೊಬ್ಬ ಇರುತ್ತಿದ್ದ, ಅಝೆಗಾಫೆ, ಅಂದರೆ ಕುಣಿಯುವ ಹೋತ. ಕಂಬಳಿ ಬಟ್ಟೆಯ ಮುಖವಾಡ, ಕೊಂಬು, ಬಿಳಿ ಗಡ್ಡ, ತಿರುವು ಮುರುವು ಮಾಡಿ ಹಾಕಿಕೊಂಡ ತುಪ್ಪಳದ ಕೋಟು. ಅವನು ನಡುವೆ ನುಗ್ಗಿ ಧಡಕ್ಕನೆ ಬಿದ್ದು ಸತ್ತುಹೋಗುತ್ತಾನೆ. ಯಾರಾದರೂ ಕಾಸು ಕೊಟ್ಟರೆ ಮತ್ತೆ ಎದ್ದು ಕುಣಿಯುತ್ತಾನೆ. ರಾಜವಂಶದವನನ್ನೂ ಹಾಸ್ಯ ಮಾಡುವ ಹಕ್ಕು ಅವನಿಗಿತ್ತು. ಅಷ್ಟು ಬಿಗಿಯಾದ ಕಟ್ಟಳೆಯ ನಡುವೆ ಕಟ್ಟಳೆಯೇ ಇಲ್ಲದ ಒಬ್ಬನನ್ನು ಬಿಟ್ಟಿದ್ದರಲ್ಲ, ಅದು ನನಗೆ ತುಂಬಾ ಜಾಣತನ ಅನ್ನಿಸುತ್ತದೆ.

ಹೆಣ್ಣನ್ನು ಕರೆತರಲು ಹೋದ ಗಂಡಿನ ಕಡೆಯವರ ಪಾಡು ಕೇಳಲೇಬೇಡಿ. ಹುಡುಗಿಯ ಊರಿನವರು ಅವರ ಟೋಪಿ ಎಗರಿಸುತ್ತಿದ್ದರು, ನೀರು ಎರಚುತ್ತಿದ್ದರು, ಬಟ್ಟೆ ಎಳೆದು ಹರಿಯುತ್ತಿದ್ದರು. ಹರಿದ ಬಟ್ಟೆಯಲ್ಲೇ ನಗುತ್ತ ವಾಪಸ್ ಬರಬೇಕು. ಅಲ್ಲೂ ಅದೇ ಪರೀಕ್ಷೆ, ನಿಮ್ಮ ಕಡೆಯವರಿಗೆ ತಾಳ್ಮೆ ಇದೆಯಾ ಅಂತ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುದುಕಿ ಓಡಿಹೋಗುವ ಆಟ. ಸೊಸೆಯನ್ನು ಮನೆ ತುಂಬಿಸಿಕೊಂಡ ಮೇಲೆ ಅಜ್ಜಿ ಅಥವಾ ಅತ್ತೆ ಹರಕು ಬಟ್ಟೆ ಹಾಕಿಕೊಂಡು "ಹೊಸಬಳು ಬಂದಳು, ಇನ್ನು ಈ ಮನೆಯಲ್ಲಿ ನನಗೆ ಜಾಗ ಇಲ್ಲ" ಅಂತ ಮುನಿಸಿಕೊಂಡು ಮನೆ ಬಿಟ್ಟು ಹೊರಡುತ್ತಾಳೆ. ಊರವರೆಲ್ಲ ಹಿಂದೆ ಓಡಿ, ಸಮಾಧಾನ ಮಾಡಿ, ಉಡುಗೊರೆ ಕೊಟ್ಟು, ಹಾಡು ಕುಣಿತದ ಜೊತೆ ವಾಪಸ್ ಕರೆತರುತ್ತಾರೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆದರೆ ಆ ಮುದುಕಿಯ ಹೆದರಿಕೆ ಸುಳ್ಳಲ್ಲ. ಮನೆಯ ಬೀಗದ ಕೈ ಇನ್ನೊಬ್ಬಳ ಕೈಗೆ ಹೋಗುವ ದಿನ ಅದು. ಅದನ್ನು ಬಾಯಿಬಿಟ್ಟು ಹೇಳಿದರೆ ಜಗಳ, ಆಡಿ ತೋರಿಸಿದರೆ ನಗು.

ಹುಬ್ಬಳ್ಳಿ ಅಕ್ಕ

ಓದುತ್ತ ಓದುತ್ತ ನಮ್ಮ ಮದುವೆಗಳಲ್ಲಿ ಹೆಂಗಸರು ಬೀಗರನ್ನು ಹಾಸ್ಯ ಮಾಡಿ ಹಾಡುವುದು ನೆನಪಾಯಿತು. ಅದಿಗೆ ಸೊಸೆಯಂದಿರು ಗಂಡನ ಹೆಸರು ಹೇಳುವುದಿಲ್ಲ ಅಂತ ಕೇಳಿದ್ದೇನೆ, ನಿಜವಾ? ನಮ್ಮಲ್ಲೂ ಹೇಳುವುದಿಲ್ಲ. ಅದಕ್ಕೇ ಒಡಪು ಕಟ್ಟಿ, ಪ್ರಾಸದ ನಡುವೆ ಹೆಸರು ಸೇರಿಸಿ ಹೇಳಿಸುತ್ತಾರೆ. ನನ್ನ ಮದುವೆಯಲ್ಲಿ ಬಾಗಿಲಲ್ಲಿ ನಿಲ್ಲಿಸಿ ಮೂರು ಸಲ ಹೇಳಿಸಿದ್ದರು.

ಜಾನಪದ ಓದುವವಳು

ಹೌದು ಅಕ್ಕ, ನಿಜ. ಗಂಡನ ಹೆಸರು ಮಾತ್ರ ಅಲ್ಲ, ಅತ್ತೆ, ಮಾವ, ಮೈದುನ, ನಾದಿನಿ ಇವರ ಹೆಸರನ್ನೂ ಹೇಳುವುದಿಲ್ಲ. ಹಾಗಾಗಿ ಪ್ರತಿಯೊಬ್ಬರಿಗೂ ಅವಳೇ ಒಂದು ಹೊಸ ಹೆಸರು ಇಡುತ್ತಾಳೆ. ಬೇರೆಯವರು ಹಾಸ್ಯ ಮಾಡುವ ಹುಡುಗಿ, ಮನೆಯವರಿಗೆಲ್ಲ ಹೆಸರು ಇಡುವ ಹಕ್ಕು ಪಡೆಯುತ್ತಾಳೆ ನೋಡಿ! ಎಷ್ಟೋ ಸಲ ಸೊಸೆ ಇಟ್ಟ ಹೆಸರೇ ಊರಲ್ಲೆಲ್ಲ ಉಳಿದುಬಿಡುತ್ತದೆ. ಒಡಪಿನ ಹಾಗೆ ಪ್ರಾಸ ಕಟ್ಟುವುದಲ್ಲ, ಬೇರೆ ದಾರಿ. ಆದರೆ ಬಾಯಿಗೆ ಬೀಗ ಹಾಕಿದ ಕಡೆಯೇ ಮಾತು ಚಿಗುರಿದೆ.

ಇತಿಹಾಸದ ಮೇಷ್ಟ್ರು

ಚರ್ಚೆ ಚೆನ್ನಾಗಿದೆ. ಆದರೆ ಒಂದು ಮಾತು ಹೇಳದೆ ಇರಲಾರೆ. ತಮಾಷೆ ಮಾಡುವ ಹಕ್ಕು ಇತ್ತು ಅಂದ ಮಾತ್ರಕ್ಕೆ ಮದುವೆ ತೀರ್ಮಾನ ಹುಡುಗಿಯ ಕೈಯಲ್ಲಿತ್ತು ಅಂತ ಅಂದುಕೊಳ್ಳಬೇಡಿ. ಹಳೆಯ ಅದಿಗೆ ಸಮಾಜದಲ್ಲಿ ಪ್ಶಿ ಅಂದರೆ ರಾಜವಂಶದವರು, ವೊರ್ಕ್ ಅಂದರೆ ಕುದುರೆ ಏರಿದ ಕುಲೀನರು, ಕೆಳಗೆ ರೈತರು, ಅವರ ಕೆಳಗೆ ಜೀತದವರು. ಸಮಾನ ಮನೆತನ ನೋಡಿಯೇ ಮದುವೆ. ಹೆಣ್ಣಿಗೆ ತೆರ ಕೊಡಬೇಕಿತ್ತು, ದನ, ಕುದುರೆ, ಆಯುಧ ಲೆಕ್ಕದಲ್ಲಿ. ಇನ್ನೊಂದು ಕಡೆ ಒಟ್ಟೋಮನ್ ಸಂತೆಗಳಿಗೆ ಕಾಕಸಸ್‌ನ ಹುಡುಗಿಯರನ್ನು ಮಾರುತ್ತಿದ್ದ ಕರಾಳ ಚರಿತ್ರೆಯೂ ಇದೆ. "ಸರ್ಕೇಸಿಯನ್ ಸುಂದರಿ" ಅಂತ ಯುರೋಪಿನವರು ಬಾಯಿ ಚಪ್ಪರಿಸಿಕೊಂಡು ಬರೆದದ್ದರ ಹಿಂದೆ ಆ ನೋವಿದೆ. ಕೋಣೆಯೊಳಗಿನ ನಗುವಿನ ಜೊತೆ ಇದನ್ನೂ ನೆನಪಿಟ್ಟುಕೊಳ್ಳಿ.

ಹಾಗೆಂದು ಆ ನಗುವಿಗೆ ಬೆಲೆ ಇಲ್ಲ ಅನ್ನುತ್ತಿಲ್ಲ. ಅದಿಗೆ ಕಥೆಗಳಲ್ಲಿ ಹೆಣ್ಣಿನ ಮಾತು ತುಂಬಾ ಹರಿತ. ನಾರ್ತ್ ಅನ್ನುವ ಪ್ರಾಚೀನ ವೀರರ ಬಗ್ಗೆ ಅವರಲ್ಲಿರುವ ಮಹಾಕಥೆಗಳಲ್ಲಿ ಅದಿಯುಖ್ ಅಂತ ಒಬ್ಬಳು ಬರುತ್ತಾಳೆ. ಅವಳ ತೋಳು ಬೆಳಕು ಕೊಡುತ್ತದೆ. ಗಂಡ ರಾತ್ರಿ ಕುದುರೆ ಹಿಂಡು ಹೊಡೆದುಕೊಂಡು ಬರುವಾಗ ಅವಳು ಗೋಪುರದ ಕಿಟಕಿಯಿಂದ ತೋಳು ಚಾಚುತ್ತಾಳೆ, ನದಿಯ ಮೇಲೆ ಹಾಸಿದ ನಾರುಬಟ್ಟೆಯ ಸೇತುವೆ ಬೆಳಗುತ್ತದೆ, ಅವನು ದಾಟಿ ಬರುತ್ತಾನೆ. ಎಲ್ಲ ನನ್ನ ಶೌರ್ಯ ಅಂತ ಅವನು ಕೊಚ್ಚಿಕೊಳ್ಳುತ್ತಾನೆ. ನನ್ನ ಪಾಲೂ ಇದೆ ಅಂದರೆ ರೇಗುತ್ತಾನೆ. ಒಂದು ರಾತ್ರಿ ಅವಳು ತೋಳು ಚಾಚುವುದಿಲ್ಲ. ಅವನು ಹೊಳೆಗೆ ಬಿದ್ದು ಸಾಯುತ್ತಾನೆ. ಇದು ನಗಿಸುವ ಕಥೆ ಅಲ್ಲ. ಆದರೆ ಬಡಾಯಿ ಕೊಚ್ಚುವ ಗಂಡಸಿನ ಬಗ್ಗೆ ಆ ಜನ ಏನು ಯೋಚಿಸುತ್ತಿದ್ದರು ಅನ್ನುವುದು ಇದರಲ್ಲಿದೆ. "ಕುಂಟುತ್ತಿರುವುದು ಸವಾರನೋ" ಅಂತ ಕೇಳಿದ ಆ ಹುಡುಗಿ ಮತ್ತು ಅದಿಯುಖ್ ಒಂದೇ ಮನೆಯವರು. ಕಥೆಯ ಹೆಸರಿನ ಗೋಪುರ ಕರಾಚಾಯ್-ಚೆರ್ಕೆಸಿಯಾದ ಖಾಬೆಜ್ ಊರಿನ ಹತ್ತಿರ ಈಗಲೂ ನಿಂತಿದೆ, ಕೆಳಗೆ ಮಾಲಿ ಝೆಲೆನ್ಚುಕ್ ನದಿ. ರಜೆಯಲ್ಲಿ ಹೋಗಿ ಬನ್ನಿ.

ಕೈಸೇರಿಯಲ್ಲಿ ಇದ್ದವನು

ಮೇಷ್ಟ್ರೇ, ನೀವು ಹೇಳಿದ್ದು ಸರಿ. ನಾನು ಬರೆದದ್ದು ಹೆಚ್ಚಾಗಿ ಈಗಿನ ಹಳ್ಳಿಗಳಲ್ಲಿ ಕಂಡದ್ದು. ಅಲ್ಲಿ ಹತ್ತಿರದ ಸಂಬಂಧದಲ್ಲಿ ಮದುವೆ ಆಗುವುದಿಲ್ಲ, ಏಳು ತಲೆಮಾರು ಲೆಕ್ಕ ಹಾಕುತ್ತಾರೆ. ಎಷ್ಟೋ ಕಡೆ ಒಂದೇ ಹಳ್ಳಿಯವರನ್ನೂ ಅಣ್ಣ ತಂಗಿಯರ ಹಾಗೆ ನೋಡುತ್ತಾರೆ. ಹಾಗಾಗಿ ಹುಡುಗರು ಊರಿಂದ ಊರಿಗೆ ಹೋಗಲೇಬೇಕು, ಗುರುತಿಲ್ಲದ ಕೋಣೆಯಲ್ಲಿ ಕೂರಲೇಬೇಕು. ಗುರುತಿಲ್ಲದವರ ಜೊತೆ ಮೊದಲ ಮಾತು ಹೇಗೆ ಆಡುವುದು? ಕುದುರೆ ಕುಂಟುತ್ತಿದೆ ಅಂತಲೇ. ಈಗ ಹಳ್ಳಿಗಳು ಖಾಲಿಯಾಗುತ್ತಿವೆ, ಹುಡುಗ ಹುಡುಗಿಯರು ಇಸ್ತಾಂಬುಲ್, ಅಂಕಾರಾ ಸೇರಿದ್ದಾರೆ. ಭಾಷೆ ಬರದಿದ್ದರೆ ಈ ಮಾತಿನ ಆಟ ಟರ್ಕಿಶ್‌ನಲ್ಲಿ ನಡೆಯುತ್ತದೆ, ಆದರೆ ಅರ್ಧ ರುಚಿ ಹೋಗುತ್ತದೆ ಅಂತ ಅಲ್ಲಿಯ ಹಿರಿಯರು ಬೇಜಾರು ಮಾಡಿಕೊಳ್ಳುತ್ತಿದ್ದರು. ನೀವು ನಾಲ್ಚಿಕ್‌ನಲ್ಲಿ ಇದನ್ನು ಕಬಾರ್ಡಿಯನ್ ಭಾಷೆಯಲ್ಲೇ ಕೇಳಿದ್ದೀರಿ. ಅದು ನಿಮ್ಮ ಪುಣ್ಯ.

ಯಾರಾದರೂ ನಿಮಗೇ ಇಂಥ ಮಾತು ಎಸೆದರೆ "ಉಪ್ಸೌ" ಅನ್ನಿ. ಅಂದರೆ ಧನ್ಯವಾದ, ಪದದ ಅರ್ಥ ಬಾಳು ಅಂತ. ಪ್ಸೆಲುಖು ಪದದಲ್ಲಿ ಇರುವ ಜೀವವೇ ಇದರಲ್ಲೂ ಇದೆ.

ದಾವಣಗೆರೆ ಹುಡುಗಿ

ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಮೂರು ಸಲ ಓದಿದೆ. ಚಾಪ್ಶ್ ಬಗ್ಗೆ ಗೆಳತಿಯ ಅಜ್ಜಿಯನ್ನು ಕೇಳಿದೆ. ಅವರು ತಮ್ಮ ಅಜ್ಜಿಯಿಂದ ಕೇಳಿದ್ದಾರಂತೆ. ನಾನು ಆಸ್ಪತ್ರೆಯಲ್ಲಿ ಮೂಳೆ ಮುರಿದವರ ವಾರ್ಡಿಗೆ ಹೋಗುತ್ತೇನೆ ಅಂದೆ. ಅಲ್ಲಿ ರಾತ್ರಿ ಯಾರು ಹಾಡುತ್ತಾರೆ ಅಂತ ಕೇಳಿದರು. ಯಾರೂ ಇಲ್ಲ ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, "ಹಾಗಾದರೆ ಅವರಿಗೆ ಹೇಗೆ ವಾಸಿಯಾಗುತ್ತದೆ" ಅಂದರು. ನನಗೆ ಉತ್ತರ ಬರಲಿಲ್ಲ.

ಓಡಿಹೋಗುವ ಆಟ ಅವರೂ ಆಡಿದ್ದಾರೆ, ಮಗನ ಮದುವೆಯಲ್ಲಿ. ಬೇಲಿ ದಾಟಿ ಪಕ್ಕದ ಬೀದಿಯವರೆಗೂ ಓಡಿದ್ದರಂತೆ. ಹೇಳುವಾಗ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಆ ಕುಂಟು ಕುದುರೆಯ ಹುಡುಗನ ವಿಷಯ. ಕಳೆದ ವಾರ ಇಬ್ಬರು ಗೆಳೆಯರನ್ನು ಕರೆದುಕೊಂಡು ಅವಳ ಮನೆಗೆ ಹೋಗಿದ್ದನಂತೆ. ಬಾಗಿಲಲ್ಲೇ ಅವಳು ಕೇಳಿದ್ದಾಳೆ, "ಕುದುರೆಗೆ ವಾಸಿಯಾಯಿತಾ?" ಅವನು, "ಇಲ್ಲ, ಇನ್ನೂ ಜಾಸ್ತಿಯಾಗಿದೆ." ಅವಳು ಒಳಗೆ ಹೋಗಿ ಚಹಾಗೆ ನೀರಿಟ್ಟಳಂತೆ.